ಬೀಸುವುದು ಮೊದಲು, ಸೋಸುವುದು ಆಮೇಲೆ

ಮನೆಗೊಂದು ಎಸ್ಪ್ರೆಸೊ ಯಂತ್ರ ಕೊಳ್ಳಹೊರಟವರ ಕಣ್ಣಿಗೆ ಮೊದಲು ಬೀಳುವುದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ‘15 ಬಾರ್’ ಎಂಬ ಅಂಕಿ. ಕೆಲವು ಡಬ್ಬಿಗಳ ಮೇಲೆ ಅದು 20ಕ್ಕೂ ಏರಿರುತ್ತದೆ. ಅಂಕಿ ದೊಡ್ಡದಾದಷ್ಟೂ ಕಾಫಿ ಗಟ್ಟಿ ಎಂಬ ನಂಬಿಕೆಯ ಮೇಲೆ ವ್ಯಾಪಾರ ಕುದುರುತ್ತದೆ. ಆದರೆ ಲೋಟಕ್ಕೆ ಇಳಿಯುವ ಕಾಫಿಯ ಹಣೆಬರಹ ಬರೆಯುವ ಎರಡು ವಸ್ತುಗಳ ಬಗ್ಗೆ ಆ ಡಬ್ಬಿ ತುಟಿ ಬಿಚ್ಚುವುದಿಲ್ಲ. ಒಂದು, ಪುಡಿ ತುಂಬುವ ತೂತಿನ ಬಟ್ಟಲು, ಅಂದರೆ ಫಿಲ್ಟರ್ ಬಾಸ್ಕೆಟ್. ಅದು ಡಬ್ಬಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬಿದ್ದಿರುತ್ತದೆ. ಇನ್ನೊಂದು, ಬೀಜ ಬೀಸುವ ಗ್ರೈಂಡರ್. ಅದು ಹೆಚ್ಚಿನ ಡಬ್ಬಿಗಳಲ್ಲಿ ಇರುವುದೇ ಇಲ್ಲ. ಕೊಂಡವರು ಒಂದೆರಡು ತಿಂಗಳಲ್ಲಿ ಕಾಫಿ ಹುಳಿಯೆಂದೋ ನೀರುನೀರೆಂದೋ ಬೇಸತ್ತು, ಬಲ್ಲವರ ಮಾತು ಕೇಳಿ ಒಂದು ದುಬಾರಿ ಬಾಸ್ಕೆಟ್ ತರಿಸುತ್ತಾರೆ. ಕಾಫಿ ಇನ್ನಷ್ಟು ಕೆಡುತ್ತದೆ. ಇದು ದುರದೃಷ್ಟವಲ್ಲ, ಹಾಗೆಯೇ ಆಗಬೇಕಾದದ್ದು. ಬಾಸ್ಕೆಟ್ಟನ್ನು ಯಂತ್ರ ನೋಡಿಯೋ ಅಂತಸ್ತು ನೋಡಿಯೋ ಆರಿಸುವುದಲ್ಲ, ಗ್ರೈಂಡರ್ ನೋಡಿ ಆರಿಸಬೇಕು ಎಂಬುದು ನನ್ನ ವಾದ. ಎರಡು ಪದರದ ಅಗ್ಗದ ಬಾಸ್ಕೆಟ್ಟನ್ನು ಮೋಸವೆಂದು ಕರೆಯುವ ಪಂಡಿತರ ತೀರ್ಪು ಅರ್ಧ ಮಾತ್ರ ಸರಿ ಎಂಬುದೂ ಅದರಲ್ಲೇ ಸೇರಿದೆ.

ಮೊದಲು ಒತ್ತಡದ ವಿಷಯ ತಿಳಿಯಾಗಬೇಕು. ಪಂಪ್ ಮಾಡುವುದು ನೀರು ದೂಡುವ ಕೆಲಸ ಮಾತ್ರ; ಎದುರು ತಡೆ ಇಲ್ಲದಿದ್ದರೆ ಒತ್ತಡ ಹುಟ್ಟುವುದೇ ಇಲ್ಲ. ಡಬ್ಬಿಯ ಮೇಲಿನ 15 ಬಾರ್ ಎಂಬುದು ಪಂಪಿನ ಬಾಯಿ ಪೂರ್ತಿ ಮುಚ್ಚಿದಾಗ ಅದು ಮುಟ್ಟಬಲ್ಲ ಮಿತಿ. ಲುಯಿಜಿ ಬೆಜ್ಜೆರಾ 1901ರಲ್ಲಿ ಪೇಟೆಂಟ್ ಪಡೆದ ಮಿಲಾನಿನ ಯಂತ್ರ ಉಗಿಯ ಬಲದಿಂದ ಕೆಲಸ ಮಾಡುತ್ತಿತ್ತು. ಅದರ ಒತ್ತಡ ಒಂದೂವರೆ ಎರಡು ಬಾರ್ ದಾಟುತ್ತಿರಲಿಲ್ಲ. 1948ರ ಹೊತ್ತಿಗೆ ಅಕಿಲೆ ಗಾಜ್ಜಿಯಾ ಅವರ ಸನ್ನೆಕೋಲಿನ ಯಂತ್ರ ಬಂತು, ಕಾಫಿಯ ಮೇಲೆ ಕ್ರೀಮಾ ಎಂಬ ಹೊಂಬಣ್ಣದ ನೊರೆ ಕಾಣಿಸಿಕೊಂಡಿತು. 1961ರಲ್ಲಿ ಫಾಯೆಮಾ ಕಂಪನಿಯ ಇ61 ಯಂತ್ರ ಪಂಪಿನಿಂದ ಒಂಬತ್ತು ಬಾರ್ ಕೊಡತೊಡಗಿದ ಮೇಲೆ ಆ ಅಂಕಿಯೇ ರೂಢಿಯಾಯಿತು. ಇಟಲಿಯ ರಾಷ್ಟ್ರೀಯ ಎಸ್ಪ್ರೆಸೊ ಸಂಸ್ಥೆ ಇಟ್ಟ ಅಳತೆಯೂ ಇದೇ: 7 ಗ್ರಾಂ ಪುಡಿ, 9 ಬಾರ್, 25 ಸೆಕೆಂಡು, 25 ಮಿಲಿಲೀಟರ್. ಈ ನಾಲ್ಕು ಅಂಕಿಗಳಲ್ಲಿ ಯಂತ್ರದ ಕೈಯಲ್ಲಿರುವುದು ಒಂದೇ. ಒಂಬತ್ತು ಬಾರ್ ಬೆನ್ನಿಗಿದ್ದರೂ ನೀರು 25 ಸೆಕೆಂಡು ತಡೆದು ತಡೆದು ಇಳಿಯುವಂತೆ ಮಾಡುವವರು ಬೇರೆ.

ಆ ಬೇರೆಯವರು ಯಾರು ಎಂಬಲ್ಲಿ ಎರಡು ಜಾತಿಯ ಬಾಸ್ಕೆಟ್ಟುಗಳು ಬೇರೆ ಬೇರೆ ಉತ್ತರ ಕೊಡುತ್ತವೆ. ಒಂದು ಪದರದ ಬಾಸ್ಕೆಟ್ಟಿನ ತಳದಲ್ಲಿ ನೂರಾರು ಸಣ್ಣ ತೂತುಗಳು. ಲೆಕ್ಕಕ್ಕೆಂದು 0.3 ಮಿಲಿಮೀಟರ್ ಅಗಲದ 600 ತೂತು ಇಟ್ಟುಕೊಳ್ಳೋಣ. ಒಟ್ಟು ತೆರಪು 42 ಚದರ ಮಿಲಿಮೀಟರ್ ಆಗುತ್ತದೆ. 30 ಸೆಕೆಂಡಿನಲ್ಲಿ 36 ಮಿಲಿಲೀಟರ್ ಇಳಿಯುವಾಗ ಪ್ರತಿ ತೂತಿನಲ್ಲಿ ನೀರಿನ ವೇಗ ಸೆಕೆಂಡಿಗೆ ಮೂರು ಸೆಂಟಿಮೀಟರ್ ಇದ್ದರೆ ಹೆಚ್ಚು. ಇಷ್ಟು ನಿಧಾನದ ನೀರನ್ನು ಆ ತೂತುಗಳಿಂದ ಹಾಯಿಸಲು ಒಂದು ಬಾರಿನ ಸಾವಿರದ ಒಂದು ಪಾಲು ಒತ್ತಡವೂ ಬೇಡ. ಎಂದರೆ ಒಂಬತ್ತು ಬಾರನ್ನೂ ಹೊರುವುದು ಪುಡಿಯ ಹಾಸು. ತಳದ ತಗಡು ಬರೀ ಸೋಸುತ್ತದೆ. ಎರಡು ಪದರದ ಬಾಸ್ಕೆಟ್ಟಿನಲ್ಲಿ ಒಳತಳದ ನೂರಾರು ತೂತುಗಳ ಕೆಳಗೆ ಇನ್ನೊಂದು ತಳವಿದೆ, ಅದರಲ್ಲಿ ತೂತು ಒಂದೇ. ಅದೂ 0.3 ಮಿಲಿಮೀಟರ್ ಎಂದಿಟ್ಟುಕೊಂಡರೆ, ಒಂಬತ್ತು ಬಾರ್ ಒತ್ತಡದಲ್ಲಿ ನೀರು ಅದರ ಮೂಲಕ ಸೆಕೆಂಡಿಗೆ 42 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 150 ಕಿಲೋಮೀಟರ್ ಲೆಕ್ಕದಲ್ಲಿ ಚಿಮ್ಮುತ್ತದೆ. ಅಷ್ಟು ಚಿಮ್ಮಿದರೂ ತೂತು ಅಷ್ಟು ಕಿರಿದಾದ್ದರಿಂದ ಹೊರಬರುವುದು ಸೆಕೆಂಡಿಗೆ ಸುಮಾರು ಎರಡು ಮಿಲಿಲೀಟರ್. ಬಾಸ್ಕೆಟ್ಟಿನಲ್ಲಿ ಒಂದು ಚಿಟಿಕೆ ಪುಡಿ ಇಲ್ಲದಿದ್ದರೂ 36 ಮಿಲಿಲೀಟರ್ ಇಳಿಯಲು ಹದಿನೆಂಟು ಸೆಕೆಂಡು ಬೇಕು! ಕೆರೆಗೆ ತೂಬು ಇದ್ದಂತೆ ಇದು. ಏರಿಯ ಮಣ್ಣು ಜೊಳ್ಳಿರಲಿ ಗಟ್ಟಿಯಿರಲಿ, ನೀರು ಎಷ್ಟು ಹೋಗಬೇಕೆಂಬುದನ್ನು ತೂಬು ನಿರ್ಧರಿಸುತ್ತದೆ. ಆ ರಭಸದ ಚಿಮ್ಮು ಗಾಳಿಯೊಂದಿಗೆ ಬೆರೆತು ಏಳಿಸುವ ನೊರೆಯೇ ಇಂಥ ಕಾಫಿಯ ಮೇಲಿನ ದಪ್ಪ ಕ್ರೀಮಾ.

ಇಲ್ಲಿಂದ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ. ತಡೆಯೆಲ್ಲ ಪುಡಿಯದೇ ಆದರೆ ಪುಡಿಯನ್ನು ಎಷ್ಟು ಸೂಕ್ಷ್ಮವಾಗಿ ಹದಗೊಳಿಸಬೇಕು? 1856ರಲ್ಲಿ ಫ್ರಾನ್ಸಿನ ಡಿಜಾನ್ ಪಟ್ಟಣದ ನೀರು ಪೂರೈಕೆಯ ಬಗ್ಗೆ ಬರೆಯುತ್ತ ಹೆನ್ರಿ ಡಾರ್ಸಿ ಎಂಬ ಎಂಜಿನಿಯರ್ ಮರಳಿನ ಹಾಸಿನ ಮೂಲಕ ನೀರು ಹರಿಯುವ ನಿಯಮ ಕೊಟ್ಟರು: ಹಾಸು ದಪ್ಪವಾದಷ್ಟೂ ಹರಿವು ಕಡಿಮೆ, ಅಗಲವಾದಷ್ಟೂ ಹೆಚ್ಚು. ಆಮೇಲೆ ಕೊಜೆನಿ ಮತ್ತು ಕಾರ್ಮನ್ ಅದಕ್ಕೆ ಕಣದ ಗಾತ್ರ ಸೇರಿಸಿದರು. ನೀರು ಬಿಡುವ ಗುಣ ಕಣದ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಈ ‘ವರ್ಗ’ದಲ್ಲಿಯೇ ಮನೆ ಗ್ರೈಂಡರುಗಳ ಸಂಕಟವೆಲ್ಲ ಅಡಗಿದೆ. ಕಣದ ಸರಾಸರಿ 300 ಮೈಕ್ರಾನ್, ಗ್ರೈಂಡರಿನ ತಿರುಪಿನ ಒಂದು ಕ್ಲಿಕ್ಕಿಗೆ ಅದು 30 ಮೈಕ್ರಾನ್ ಬದಲಾಗುತ್ತದೆ ಎಂದು ಊಹಿಸಿ. ಮೂವತ್ತು ಸೆಕೆಂಡಿಗೆ ಇಳಿಯುತ್ತಿದ್ದ ಕಾಫಿ ಒಂದು ಕ್ಲಿಕ್ ತರಿಯಾಗಿಸಿದರೆ 25 ಸೆಕೆಂಡಿಗೆ, ಒಂದು ಕ್ಲಿಕ್ ನುಣ್ಣಗಾಗಿಸಿದರೆ 37 ಸೆಕೆಂಡಿಗೆ ಹೋಗುತ್ತದೆ. ನಡುವೆ ನಿಲ್ಲಲು ಮೆಟ್ಟಿಲೇ ಇಲ್ಲ. ಬೀಜ ಅರೆಯುವ ಹಲ್ಲುಗಳಾದ ಬರ್‌ಗಳ ನಡುವಿನ ಅಂತರವೂ ಕಣದ ಗಾತ್ರವೂ ಒಂದೇ ಅಲ್ಲವೆಂಬುದು ನಿಜ, ಹಾಗಾಗಿ ಇವು ಅಂದಾಜು ಅಂಕಿಗಳು. ಆದರೆ ಅಂದಾಜು ಹುಟ್ಟಿದ್ದು ಗಾಳಿಯಲ್ಲಲ್ಲ. ಫಿಲ್ಟರ್ ಕಾಫಿಗೆ ಹೆಸರಾದ ಕಮಾಂಡಾಂಟೆ ಸಿ40 ಎಂಬ ಕೈಗ್ರೈಂಡರಿನ ಒಂದು ಕ್ಲಿಕ್ ಸುಮಾರು 30 ಮೈಕ್ರಾನ್. ಎಸ್ಪ್ರೆಸೊಗೆಂದೇ ಮಾಡಿದ 1ಜಡ್‌ಪ್ರೆಸೊ ಜೆ-ಮ್ಯಾಕ್ಸ್‌ನದು 8.8 ಮೈಕ್ರಾನ್. ಬರಾಟ್ಜಾ ಕಂಪನಿಯ ಎನ್ಕೋರ್ ಎಂಬ ಗ್ರೈಂಡರಿಗೆ ನಲವತ್ತು ಮೆಟ್ಟಿಲುಗಳಿದ್ದವು. ಅದೇ ಕಂಪನಿ ಎಸ್ಪ್ರೆಸೊಗಾಗಿ ಎನ್ಕೋರ್ ಇಎಸ್‌ಪಿ ತಂದಾಗ ಆ ನಲವತ್ತರಲ್ಲಿ ಮೊದಲ ಇಪ್ಪತ್ತನ್ನು ಎಸ್ಪ್ರೆಸೊದ ಇಕ್ಕಟ್ಟಾದ ಪಟ್ಟಿಗೇ ಮೀಸಲಿಟ್ಟಿತು. ಮೆಟ್ಟಿಲ ಸಂಖ್ಯೆ ನೋಡಿ ಮರುಳಾಗುವವರು ಗಮನಿಸಬೇಕಾದದ್ದು ಇದನ್ನೇ: ಎಷ್ಟು ಮೆಟ್ಟಿಲು ಎಂಬುದಲ್ಲ, ನಿಮಗೆ ಬೇಕಾದ ಜಾಗದಲ್ಲಿ ಎಷ್ಟು ಮೆಟ್ಟಿಲು ಎಂಬುದು.

ಮೆಟ್ಟಿಲಿನದು ಒಂದು ಸಂಕಟ. ಕಣಗಳ ಒಗ್ಗಟ್ಟಿನದು ಇನ್ನೊಂದು. ಯಾವ ಗ್ರೈಂಡರೂ ಎಲ್ಲ ಕಣಗಳನ್ನು ಒಂದೇ ಗಾತ್ರಕ್ಕೆ ಬೀಸುವುದಿಲ್ಲ. ಹುರಿದ ಬೀಜ ಪೆಡಸು. ಒಡೆದಾಗ ದೊಡ್ಡ ತುಣುಕಿನ ಜೊತೆಗೆ 100 ಮೈಕ್ರಾನಿಗೂ ಕಿರಿದಾದ ಧೂಳು ಏಳುತ್ತದೆ. ಎಸ್ಪ್ರೆಸೊಗೆ ಆ ಧೂಳು ಸ್ವಲ್ಪ ಬೇಕೇ ಬೇಕು, ತಡೆಯ ದೊಡ್ಡ ಪಾಲು ಅದರದೇ. ಆದರೆ ಬ್ಲೇಡಿನ ಮಿಕ್ಸಿಯಲ್ಲಿ ಅಥವಾ ಅಚ್ಚು ಅಲ್ಲಾಡುವ ಅಗ್ಗದ ಬರ್ ಗ್ರೈಂಡರಿನಲ್ಲಿ ಧೂಳೂ ಹೆಚ್ಚು, ತರಿಯೂ ಹೆಚ್ಚು, ನಡುವಿನದು ಕಡಿಮೆ. ಇಂಥ ಪುಡಿಯ ಹಾಸಿನಲ್ಲಿ ನೀರು ಸಮವಾಗಿ ಹರಡದೆ ಸಡಿಲವಾದ ಕಡೆ ದಾರಿ ಕೊರೆದುಕೊಂಡು ಓಡುತ್ತದೆ. ಆ ದಾರಿಯ ಪುಡಿ ಕಹಿಯಾಗುವಷ್ಟು ತೊಳೆದುಹೋಗುತ್ತದೆ, ಪಕ್ಕದ ಪುಡಿ ಹುಳಿಯಾಗಿಯೇ ಉಳಿಯುತ್ತದೆ. ಗ್ರೈಂಡರಿನ ಬರ್ ಎಷ್ಟು ವ್ಯತ್ಯಾಸ ತರಬಲ್ಲದೆಂಬುದನ್ನು ವೃತ್ತಿಲೋಕ ಗಂಭೀರವಾಗಿ ತೆಗೆದುಕೊಂಡದ್ದೂ ಹಳೆಯ ಮಾತೇನಲ್ಲ. 2013ರಲ್ಲಿ ಮೆಲ್ಬರ್ನಿನಲ್ಲಿ ನಡೆದ ವಿಶ್ವ ಬರಿಸ್ತಾ ಸ್ಪರ್ಧೆಯಲ್ಲಿ ಆಸ್ಟ್ರೇಲಿಯಾದ ಮ್ಯಾಟ್ ಪರ್ಜರ್, ಅಂಗಡಿಗಳಲ್ಲಿ ಗಿರಾಕಿಗೆ ಪುಡಿ ಬೀಸಿಕೊಡಲು ಬಳಸುತ್ತಿದ್ದ ಮಾಲ್ಕೋನಿಗ್ ಇಕೆ43 ಎಂಬ ಗ್ರೈಂಡರನ್ನು ಎಸ್ಪ್ರೆಸೊಗೆ ಹಚ್ಚಿ ಎರಡನೇ ಸ್ಥಾನ ಗಳಿಸಿದ ಮೇಲೆ ಕಾಫಿ ಅಂಗಡಿಗಳು 98 ಮಿಲಿಮೀಟರಿನ ಚಪ್ಪಟೆ ಬರ್‌ಗಳತ್ತ ತಿರುಗಿ ನೋಡಿದವು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಬಾಸ್ಕೆಟ್ಟುಗಳೂ ಬದಲಾದವು. ಕಾಫಿಯ ಸಾರ ಅಳೆಯುವ ರಿಫ್ರಾಕ್ಟೋಮೀಟರನ್ನು ಬಳಕೆಗೆ ತಂದ ವಿನ್ಸ್ ಫೆಡೆಲೆ ಅವರ ವಿಎಸ್‌ಟಿ ಕಂಪನಿ, ತೂತಿನ ಗಾತ್ರವನ್ನು ಒಂದೊಂದಾಗಿ ಪರೀಕ್ಷಿಸಿದ ಬಾಸ್ಕೆಟ್ಟುಗಳನ್ನು ಮಾರತೊಡಗಿತು. ಇಟಲಿಯ ಐಎಂಎಸ್ ಮುಂತಾದವರೂ ಅದೇ ಹಾದಿ ಹಿಡಿದರು. ಪ್ರತಿ ಬಾಸ್ಕೆಟ್ಟಿಗೂ 15, 18, 20 ಗ್ರಾಂ ಎಂದು ನಿಗದಿ, ಅದರ ಮೇಲೆ ಕೆಳಗೆ ಒಂದು ಗ್ರಾಂ ಸಲುಗೆ. ಮೊದಲಿನ ಲೆಕ್ಕದ ಪ್ರಕಾರ ತೂತುಗಳು ತಡೆ ಒಡ್ಡುವುದೇ ಇಲ್ಲವಾದರೆ ಇವುಗಳಿಂದ ಏನು ಲಾಭ ಎಂದು ಕೇಳಬಹುದು. ಆ ಲೆಕ್ಕ ಬರಿಯ ನೀರಿನದು. ನಿಜದಲ್ಲಿ ತೂತಿನ ಬಾಯಿಗೆ ಧೂಳಿನ ಕಣಗಳು ಬಂದು ಕೂರುತ್ತವೆ, ಹಾಸಿನ ಕೊನೆಯ ಪದರದಲ್ಲಿ ನೀರು ಅಗಲದಿಂದ ತೂತಿನತ್ತ ಕೂಡಿಕೊಳ್ಳಬೇಕಾಗುತ್ತದೆ. ತೂತುಗಳು ಹೆಚ್ಚಿ ಅಂಚಿನವರೆಗೂ ಹರಡಿದರೆ ಈ ಇಕ್ಕಟ್ಟು ಸಡಿಲಾಗುತ್ತದೆ, ಕಾಫಿ ಬೇಗ ಇಳಿಯುತ್ತದೆ. ಹೀಗಾಗಿ ಇಂಥ ಬಾಸ್ಕೆಟ್ ಹಾಕಿದವರೆಲ್ಲ ಮೊದಲು ಮಾಡಬೇಕಾಗುವುದು ಪುಡಿಯನ್ನು ಇನ್ನಷ್ಟು ನುಣ್ಣಗೆ ಬೀಸುವ ಕೆಲಸ. ಅಲ್ಲಿಗೆ ಕಥೆ ಮತ್ತೆ ಗ್ರೈಂಡರಿನ ಬಾಗಿಲಿಗೇ ಬಂತು. ಇನ್ನಷ್ಟು ನುಣ್ಣಗೆ ಬೀಸಲು ಆಗದ, ಬೀಸಿದರೂ ಸಮವಾಗಿ ಬೀಸದ ಗ್ರೈಂಡರಿನವರಿಗೆ ನಿಖರ ಬಾಸ್ಕೆಟ್ ತಂದುಕೊಡುವುದು ಹೆಚ್ಚಿನ ಹರಿವನ್ನು, ಎಂದರೆ ಇದ್ದ ತೊಂದರೆಯ ಹೆಚ್ಚಿನ ಪಾಲನ್ನು. ಕಂಪನಿ ಕೊಟ್ಟ ಸಾದಾ ಬಾಸ್ಕೆಟ್ಟಿನ ಕಡಿಮೆ ತೂತುಗಳು ಅವರ ತಪ್ಪನ್ನು ತುಸು ಮುಚ್ಚುತ್ತಿದ್ದವು. ಆ ಮರೆಯೂ ಹೋಯಿತು.

ಇದಕ್ಕೆ ಬರುವ ಮೊದಲ ಆಕ್ಷೇಪ ಕೈಚಳಕದ್ದು. ಪುಡಿಯನ್ನು ಸೂಜಿಯಿಂದ ಕೆದಕಿ, ಸಮವಾಗಿ ಹರಡಿ, ನೇರವಾಗಿ ಒತ್ತಿದರೆ ಸಾಧಾರಣ ಗ್ರೈಂಡರಿನಲ್ಲೂ ಒಳ್ಳೆಯ ಕಾಫಿ ಬರುತ್ತದೆ ಎನ್ನುವವರು ಬಹಳ. ಸೂಜಿಯಿಂದ ಕೆದಕುವ ಈ ಪದ್ಧತಿಯನ್ನು 2005ರಲ್ಲಿ ಜಾನ್ ವೈಸ್ ಎಂಬವರು ರೂಢಿಗೆ ತಂದರು. ಇಂದಿಗೂ ಅದು ಅವರ ಹೆಸರಿನಲ್ಲೇ ನಡೆಯುತ್ತಿದೆ. ಆದರೆ ಅದು ಹುಟ್ಟಿದ್ದೇ ಮನೆಯ ಗ್ರೈಂಡರುಗಳು ಪುಡಿಯನ್ನು ಗಂಟುಗಂಟಾಗಿ ಉಗುಳುತ್ತಿದ್ದ ಕಾರಣಕ್ಕೆ. ಗಂಟು ಬಿಡಿಸಬಹುದು, ಎರಡು ಗಾತ್ರದ ಕಣಗಳನ್ನು ಒಂದು ಮಾಡಲು ಸೂಜಿಗೆ ಬರುವುದಿಲ್ಲ. ಮೆಟ್ಟಿಲಿನ ನಡುವಿನ ಅಂತರವನ್ನು ಪುಡಿಯ ತೂಕ ಹೆಚ್ಚುಕಡಿಮೆ ಮಾಡಿ ತುಂಬಬಹುದು ಎಂಬ ಇನ್ನೊಂದು ಉಪಾಯವಿದೆ. ಇದು ಮರ್ಯಾದೆಗೆ ತಕ್ಕ ಉಪಾಯವೇ. ಆದರೆ 18 ಗ್ರಾಂ ಬಾಸ್ಕೆಟ್ಟಿಗೆ ಒಂದು ಗ್ರಾಂ ಸಲುಗೆ ಎಂದರೆ ತಡೆಯಲ್ಲಿ ಶೇಕಡ ಐದೂವರೆ ವ್ಯತ್ಯಾಸ. ಮೂವತ್ತು ಸೆಕೆಂಡಿನ ಕಾಫಿಯನ್ನು ಅದರಿಂದ 28ಕ್ಕೆ ಇಳಿಸಬಹುದು, 32ರ ಹತ್ತಿರಕ್ಕೆ ಏರಿಸಬಹುದು. ಇತ್ತ 25, ಅತ್ತ 37 ಎಂದು ಜಿಗಿಯುವ ಗ್ರೈಂಡರಿನ ಕಂದಕ ಅಷ್ಟರಿಂದ ತುಂಬದು. ಬಾಸ್ಕೆಟ್ಟಿನ ಅಗಲದಿಂದ ಸಿಗುವ ಸಹಾಯ ಇದಕ್ಕಿಂತ ದೊಡ್ಡದು, ಆದರೆ ಅದರ ಮಾತು ಯಾರೂ ಎತ್ತುವುದಿಲ್ಲ. ಅಷ್ಟೇ ತೂಕದ ಪುಡಿಯನ್ನು 58 ಮಿಲಿಮೀಟರಿನ ಬದಲು 51 ಮಿಲಿಮೀಟರಿನ ಬಾಸ್ಕೆಟ್ಟಿಗೆ ತುಂಬಿದರೆ ಹಾಸು ದಪ್ಪವೂ ಆಗುತ್ತದೆ, ಕಿರಿದೂ ಆಗುತ್ತದೆ; ಎರಡೂ ಸೇರಿ ತಡೆ ಒಂದೂವರೆ ಪಟ್ಟು ಮೀರುತ್ತದೆ. ತೀರ ನುಣ್ಣಗೆ ಬೀಸಲಾರದ ಗ್ರೈಂಡರಿಗೆ ಚಿಕ್ಕ ಬಾಯಿಯ ಯಂತ್ರ ಒಳ್ಳೆಯ ಜೋಡಿ. 58 ಎಂಬುದು ‘ವೃತ್ತಿಪರ’ ಅಳತೆ ಎಂಬ ಒಂದೇ ಮೋಹಕ್ಕೆ ದೊಡ್ಡ ಬಾಯಿಯ ಯಂತ್ರಕ್ಕೆ ಹಣ ಸುರಿದು, ಗ್ರೈಂಡರಿಗೆ ಚಿಲ್ಲರೆ ಉಳಿಸಿಕೊಳ್ಳುವುದು ನನಗಂತೂ ತಲೆಕೆಳಗಾದ ಖರ್ಚು ಎನಿಸುತ್ತದೆ.

ಎರಡನೆಯ ಆಕ್ಷೇಪ ವಿಜ್ಞಾನದ ಕಡೆಯಿಂದ, ಹಾಗಾಗಿ ಹೆಚ್ಚು ತೂಕದ್ದು. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕ್ರಿಸ್ಟೋಫರ್ ಹೆಂಡನ್ ಮತ್ತು ಗಣಿತಜ್ಞರೂ ಇದ್ದ ಅವರ ತಂಡ 2020ರಲ್ಲಿ ‘ಮ್ಯಾಟರ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿತು. ನುಣ್ಣಗೆ ಬೀಸಿದಷ್ಟೂ ಹೆಚ್ಚು ಸಾರ ಇಳಿಯಬೇಕೆಂಬುದು ಗಣಿತದ ನಿರೀಕ್ಷೆ. ಪ್ರಯೋಗದಲ್ಲಿ ಒಂದು ಹಂತ ದಾಟಿದ ಮೇಲೆ ಸಾರ ಕಡಿಮೆಯಾಗುತ್ತ ಹೋಯಿತು. ತೀರ ನುಣ್ಣನೆಯ ಹಾಸಿನಲ್ಲಿ ಹರಿವು ಅಸಮವಾಗುತ್ತದೆ ಎಂಬುದು ಅವರ ವಿವರಣೆ. 20 ಗ್ರಾಂ ಬದಲು 15 ಗ್ರಾಂ ಪುಡಿ, ತುಸು ತರಿಯಾದ ಬೀಸು ಎಂಬುದು ಅವರ ಸಲಹೆ. ಹಾಗಿದ್ದರೆ ನುಣ್ಣಗೆ ಬೀಸುವ ದುಬಾರಿ ಗ್ರೈಂಡರ್ ಯಾಕೆ ಎಂದು ಕೆಲವರು ಕೇಳುತ್ತಾರೆ. ಆದರೆ ಆ ಲೇಖನ ಹೇಳಿದ ‘ತರಿ’ ಎಸ್ಪ್ರೆಸೊದ ಇಕ್ಕಟ್ಟಾದ ಪಟ್ಟಿಯೊಳಗಿನ ತರಿ. ಫಿಲ್ಟರ್ ಕಾಫಿಯ ತರಿಯಲ್ಲ. ಸಾರ ಏರುವುದು ನಿಂತು ಇಳಿಯತೊಡಗುವ ಆ ತಿರುವನ್ನು ಕಂಡುಹಿಡಿಯಬೇಕಾದರೆ ಗ್ರೈಂಡರಿನಲ್ಲಿ ಸಣ್ಣ ಸಣ್ಣ ಹೆಜ್ಜೆ ಇಡಲು ಬರಬೇಕು. ಹೆಜ್ಜೆ ದೊಡ್ಡದಾದರೆ ತಿರುವನ್ನು ದಾಟಿಬಿಟ್ಟದ್ದೂ ಗೊತ್ತಾಗುವುದಿಲ್ಲ. ಅಸಮ ಹರಿವೇ ಶತ್ರು ಎಂದು ಸಾಧಿಸಿದ ಲೇಖನವನ್ನು ಅಸಮವಾಗಿ ಬೀಸುವ ಗ್ರೈಂಡರಿನ ಪರ ಸಾಕ್ಷಿಯಾಗಿ ನಿಲ್ಲಿಸಲಾಗದು.

ಉಳಿದದ್ದು ಎರಡು ಪದರದ ಬಾಸ್ಕೆಟ್ಟಿನ ಮೇಲಿನ ಆರೋಪ: ಅದರ ಕ್ರೀಮಾ ಸುಳ್ಳು, ಅದು ಕಾಫಿಯನ್ನೇ ಮಟ್ಟಸ ಮಾಡಿಬಿಡುತ್ತದೆ, ಬಂದ ದಿನವೇ ಕಸಕ್ಕೆ ಎಸೆಯಬೇಕು. ಮೊದಲೆರಡು ಮಾತು ಒಪ್ಪುತ್ತೇನೆ. ತೂಬಿನ ರಭಸದಿಂದ ಎದ್ದ ನೊರೆಗೂ, ಹೊಸ ಬೀಜದೊಳಗಿನ ಇಂಗಾಲದ ಡೈಆಕ್ಸೈಡ್ ಒತ್ತಡದಿಂದ ಬಿಡುಗಡೆಯಾಗಿ ಎಣ್ಣೆಯಂಶದೊಡನೆ ಕಟ್ಟಿಕೊಂಡ ನೊರೆಗೂ ವ್ಯತ್ಯಾಸವಿದೆ. ತಡೆ ಪುಡಿಯದಲ್ಲ ತೂಬಿನದು ಎಂದಾದಾಗ ಗ್ರೈಂಡರಿನ ಕುಂದಿನ ಜೊತೆಗೆ ಬೀಜದ ಗುಣವೂ ಮಸುಕಾಗುತ್ತದೆ. ಚಿಕ್ಕಮಗಳೂರಿನ ಒಂದೇ ತೋಟದ ಅರೇಬಿಕಾಕ್ಕೆ ದುಬಾರಿ ಬೆಲೆ ತೆತ್ತವರು ಅದನ್ನು ಈ ಬಾಸ್ಕೆಟ್ಟಿನಲ್ಲಿ ಇಳಿಸಿದರೆ ಬೆಲೆಯ ಅರ್ಧ ತೂಬಿನಲ್ಲೇ ಹೋಯಿತು. ಆದರೆ ‘ಕಸಕ್ಕೆ ಎಸೆಯಿರಿ’ ಎನ್ನುವವರು ತಮ್ಮ ಅಡುಗೆಮನೆಯ ಗ್ರೈಂಡರ್ ಎಲ್ಲರ ಮನೆಯಲ್ಲೂ ಇದೆ ಎಂದುಕೊಂಡಿದ್ದಾರೆ. ದೇಶದ ಕಾಫಿಯ ಸುಮಾರು ಶೇಕಡ 70ರಷ್ಟು ಬೆಳೆಯುವ ಕರ್ನಾಟಕದಲ್ಲೇ ಹೆಚ್ಚಿನ ಮನೆಗಳಿಗೆ ಕಾಫಿ ಬರುವುದು ಬೀಜವಾಗಿ ಅಲ್ಲ, ಕಾಫಿ ವರ್ಕ್ಸ್‌ನಿಂದ ಪುಡಿಯಾಗಿ, ಬಹಳ ಸಲ ಚಿಕೋರಿ ಬೆರೆತು. ಆ ಪುಡಿಯ ಹದ ನಮ್ಮ ಹಿತ್ತಾಳೆ, ಸ್ಟೀಲ್ ಫಿಲ್ಟರಿಗೆ ಹೇಳಿಮಾಡಿಸಿದ್ದು. ಅಲ್ಲಿ ಪುಡಿಯ ಮೇಲೆ ನಿಲ್ಲುವುದು ಐದಾರು ಸೆಂಟಿಮೀಟರ್ ನೀರು. ಅದರ ಭಾರ ಒಂದು ಬಾರಿನ ಇನ್ನೂರರಲ್ಲಿ ಒಂದು ಪಾಲು. ಎಸ್ಪ್ರೆಸೊ ಯಂತ್ರದ ಒಂಬತ್ತು ಬಾರ್ ಅದಕ್ಕಿಂತ ಸಾವಿರದ ಎಂಟುನೂರು ಪಟ್ಟು. ಕಾಲು ಗಂಟೆ ಹನಿಹನಿಯಾಗಿ ಡಿಕಾಕ್ಷನ್ ಇಳಿಸುವ ಪುಡಿ, ಒಂದು ಪದರದ ಬಾಸ್ಕೆಟ್ಟಿನಲ್ಲಿ ಆ ಒತ್ತಡಕ್ಕೆ ಎದೆಯೊಡ್ಡಿ ನಿಲ್ಲಲಾರದೆ ಕೆಲವೇ ಸೆಕೆಂಡಿನಲ್ಲಿ ತಿಳಿನೀರು ಬಿಡುವುದರಲ್ಲಿ ಆಶ್ಚರ್ಯವಿಲ್ಲ. ಅದೇ ಪುಡಿ ಎರಡು ಪದರದ ಬಾಸ್ಕೆಟ್ಟಿನಲ್ಲಿ ಹಾಲಿಗೆ ಬೆರೆಸಬಹುದಾದ ಗಟ್ಟಿ ಕಾಫಿ ಕೊಡುತ್ತದೆ. ಹಾಲು ಸಕ್ಕರೆ ಹಾಕಿ ಕುಡಿಯುವ ಮನೆಗೆ ಇದನ್ನು ಮೋಸ ಎನ್ನಲು ನನಗೆ ಬಾಯಿ ಬಾರದು. ಕೊಡಗು ಚಿಕ್ಕಮಗಳೂರಿನ ರೋಬಸ್ಟಾ ಇಟಲಿಗೆ ಹೋಗಿ ಅಲ್ಲಿನ ಎಸ್ಪ್ರೆಸೊ ಮಿಶ್ರಣಗಳಿಗೆ ಮೈಕಟ್ಟನ್ನೂ ಕ್ರೀಮಾವನ್ನೂ ಕೊಡುತ್ತದೆ. ಅದೇ ಬೀಜ ಇಲ್ಲಿಯೇ ಎಸ್ಪ್ರೆಸೊ ಆಗಲು ಅಡ್ಡ ಬರುವುದು ಯಂತ್ರವಲ್ಲ, ಬೀಸು.

ಕಾಫಿ ವರ್ಕ್ಸ್‌ನವರಿಗೇ ‘ಎಸ್ಪ್ರೆಸೊಗೆ ಬೀಸಿಕೊಡಿ’ ಎಂದರೆ ಆಗದೇ ಎಂಬ ಪ್ರಶ್ನೆ ಸಹಜ. ಅಂಗಡಿಯ ಗ್ರೈಂಡರ್ ಎಷ್ಟೇ ಘನವಾಗಿದ್ದರೂ ನಿಮ್ಮ ಯಂತ್ರ, ನಿಮ್ಮ ಬಾಸ್ಕೆಟ್ ಅದರ ಎದುರಿಗಿಲ್ಲ. ಬೀಸಿದ ಪುಡಿಯಿಂದ ಅನಿಲ ದಿನದಿನಕ್ಕೂ ಹೊರಟುಹೋಗುತ್ತದೆ, ತಡೆ ಬದಲಾಗುತ್ತದೆ. ಸೋಮವಾರ 30 ಸೆಕೆಂಡಿಗೆ ಇಳಿದದ್ದು ಶನಿವಾರಕ್ಕೆ ಅಷ್ಟೇ ಹೊತ್ತು ನಿಲ್ಲದು, ಮತ್ತು ಆಗ ತಿರುಗಿಸಲು ನಿಮ್ಮ ಕೈಯಲ್ಲಿ ಯಾವ ತಿರುಪೂ ಇಲ್ಲ. ತಂದ ಪುಡಿಗೆ ಎರಡು ಪದರವೇ ಸರಿ, ಅಂಗಡಿ ಎಂಥದೇ ಇರಲಿ. ಇನ್ನೊಂದು ತುದಿಯ ತಪ್ಪೂ ಇದೆ: ಒಳ್ಳೆಯ ಗ್ರೈಂಡರ್ ತಂದ ಉತ್ಸಾಹದಲ್ಲಿ ಮೈದಾದಷ್ಟು ನುಣ್ಣಗೆ ಬೀಸಿ ಎರಡು ಪದರದ ಬಾಸ್ಕೆಟ್ಟಿಗೆ ತುಂಬುವುದು. ಅಲ್ಲಿ ಪುಡಿಯ ತಡೆ, ತೂಬಿನ ತಡೆ ಎರಡೂ ಸಾಲಾಗಿ ನಿಂತು ಹನಿಯೂ ಇಳಿಯುವುದಿಲ್ಲ. ಬಾಸ್ಕೆಟ್ ಬಿಚ್ಚುವಾಗ ಒಳಗೆ ಸಿಕ್ಕಿಕೊಂಡ ಒತ್ತಡ ಚರಟವನ್ನು ಗೋಡೆಗೆ ಎರಚುವುದೂ ಉಂಟು.

ಇನ್ನು ಹಣದ ಮಾತು. ನುಣ್ಣಗೆ, ಸಮವಾಗಿ, ಸಣ್ಣ ಹೆಜ್ಜೆಯಲ್ಲಿ ಬೀಸುವ ವಿದ್ಯುತ್ ಗ್ರೈಂಡರಿನ ಬೆಲೆ ಬಹಳ ಸಲ ಯಂತ್ರದ ಬೆಲೆಯನ್ನೇ ಮೀರುತ್ತದೆ. ಎಲ್ಲರಿಗೂ ಇದು ಕೈಗೆಟಕದು ಎಂಬ ದೂರು ನ್ಯಾಯವಾದದ್ದೇ. ಅದಕ್ಕೆ ಪರಿಹಾರ ಕೈಗ್ರೈಂಡರಿನಲ್ಲಿದೆ. ಮೋಟಾರಿನ ಖರ್ಚು ಉಳಿದ ಕಾರಣ ಅದೇ ಹಣಕ್ಕೆ ಉತ್ತಮ ಬರ್, ಗಟ್ಟಿ ಅಚ್ಚು, ಹತ್ತು ಮೈಕ್ರಾನಿನ ಆಸುಪಾಸಿನ ಕ್ಲಿಕ್ ಸಿಗುತ್ತದೆ; ತೆರಬೇಕಾದದ್ದು ದಿನಕ್ಕೆರಡು ಸಲ ನಿಮಿಷದಷ್ಟು ತೋಳಿನ ಶ್ರಮ. ಮನೆತುಂಬ ನೆಂಟರಿರುವಲ್ಲಿ ಇದು ನಡೆಯದ ಮಾತು, ಒಬ್ಬಿಬ್ಬರ ಮನೆಗೆ ನಡೆಯುತ್ತದೆ. ಗ್ರೈಂಡರ್ ಬಂದ ಮೇಲೆ ಬಾಸ್ಕೆಟ್ ಬದಲಿಸಲು ಯೋಗ್ಯವೇ ಎಂದು ತಿಳಿಯಲು ತಕ್ಕಡಿ, ಗಡಿಯಾರ ಎರಡೇ ಸಾಕು. ಯಂತ್ರದ ಜೊತೆ ಬಂದ ಒಂದು ಪದರದ ಸಾದಾ ಬಾಸ್ಕೆಟ್ಟಿಗೆ ಅದೇ ಬೀಜ, ಅದೇ ತೂಕ ಹಾಕಿ. ಒಂದು ಕ್ಲಿಕ್ ಸರಿಸಿದಾಗ ಕಾಫಿ ಇಳಿಯುವ ಹೊತ್ತು ಎರಡು ಮೂರು ಸೆಕೆಂಡು ಮಾತ್ರ ಬದಲಾದರೆ, ಕ್ಲಿಕ್ ಮುಟ್ಟದೆ ಮತ್ತೆ ಮತ್ತೆ ಇಳಿಸಿದಾಗಲೂ ಹೊತ್ತು ಅಷ್ಟಿಷ್ಟರೊಳಗೆ ನಿಂತರೆ, ಆ ಗ್ರೈಂಡರಿನ ಮುಂದೆ ನಿಖರ ಬಾಸ್ಕೆಟ್ ಇಡಬಹುದು. ಒಂದು ಕ್ಲಿಕ್ಕಿಗೆ ಹತ್ತು ಸೆಕೆಂಡು ಜಿಗಿದರೆ, ಅಥವಾ ಏನೂ ಬದಲಿಸದೆ ಬೆಳಗಿನದು 22, ಸಂಜೆಯದು 35 ಎಂದು ಓಲಾಡಿದರೆ, ಎರಡು ಪದರದ ಬಾಸ್ಕೆಟ್ಟನ್ನೇ ತೊಳೆದು ಒರೆಸಿ ಮತ್ತೆ ಹಾಕಿಕೊಳ್ಳುವುದು ಒಳ್ಳೆಯದು. ಅದರ ಒಂಟಿ ತೂತು ಕಟ್ಟಿಕೊಳ್ಳದಂತೆ ಆಗಾಗ ಬೆಳಕಿಗೆ ಹಿಡಿದು ನೋಡುತ್ತಿದ್ದರಾಯಿತು.